ಹುಣಸೆಹಣ್ಣಿನಲ್ಲಿ ತೊಳೆದ ರಾಕೆಟ್

ಊರ ಸಂಗ್ರಹಾಲಯದ ಗಾಜಿನ ಪೆಟ್ಟಿಗೆ ಖಾಲಿ. ಬೀಗ ಮಾತ್ರ ಭದ್ರ!

ಅಜ್ಜಂಪುರದ ಹಳೇ ಬಾವಿಯ ಹೂಳಿನಲ್ಲಿ ಸಿಕ್ಕ ಯುದ್ಧದ ರಾಕೆಟ್ ಅದು. ಇನ್ನೂರು ವರ್ಷಕ್ಕೂ ಹಿಂದಿನ ಕಬ್ಬಿಣದ ಕೊಳವೆ. ಪರೀಕ್ಷಿಸಲು ವಿಜ್ಞಾನಿಗಳು ಬರುವವರಿದ್ದರು. ಆಯುಧಪೂಜೆಯ ಮರುದಿನವೇ ಮಾಯ.

ಕೀಲಿ ಇದ್ದದ್ದು ಇಬ್ಬರ ಹತ್ತಿರ. ಸಂಗ್ರಹಾಲಯ ಕಟ್ಟಿದ ನಿವೃತ್ತ ಮೇಷ್ಟ್ರು ಪಂಚಾಕ್ಷರಪ್ಪ. ಕಸ ಗುಡಿಸುವ ಹೊನ್ನೇಶ. ಮೇಷ್ಟ್ರನ್ನು ಅನುಮಾನಿಸುವುದುಂಟೇ? ಸಬ್ ಇನ್ಸ್‌ಪೆಕ್ಟರ್ ತನುಜಾ ಹೊನ್ನೇಶನ ಕೀಲಿ ಕಿತ್ತುಕೊಂಡು ಅವನನ್ನು ಠಾಣೆಯಲ್ಲಿ ಕೂರಿಸಿದಳು. ಬಡವನತ್ತ ಬೆರಳು ತೋರಿಸುವುದು ಎಷ್ಟು ಸುಲಭ ನೋಡಿ!

"ಗುಜರಿಗೆ ಹಾಕ್ಬಿಟ್ಯೇನೋ?"

"ನಾನ್ ಮುಟ್ಟಿಲ್ಲ ಕಣ್ರೀ ಮೇಡಂ."

ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದರೂ ಏನೂ ಸಿಗಲಿಲ್ಲ.

\*

ತನುಜಾ ಮತ್ತೆ ಪೆಟ್ಟಿಗೆ ನೋಡಿದಳು. ಒಳಗೆ ಸೇವಂತಿಗೆ, ಅಕ್ಷತೆ, ಮೂಲೆಯಲ್ಲಿ ಹುಣಸೆ ನಾರು. ಕಳ್ಳ ಕೊಳವೆಯನ್ನು ಪೂಜಿಸಿ, ಶಾಸ್ತ್ರಪ್ರಕಾರ ಅಕ್ಷತೆ ಹಾಕಿ ಕದಲಿಸಿಯೇ ಎತ್ತಿದ್ದ.

ಠಾಣೆಗೆ ಮರಳಿದಾಗ ಮೆಟ್ಟಿಲ ಮೇಲೆ ಹೊನ್ನೇಶನ ತಾಯಿ ಕೆಂಚಮ್ಮ ಕೂತಿದ್ದಳು.

"ಹಬ್ಬದ ದಿನ ನಿನ್ ಮಗ ರಾಕೆಟ್‌ಗೆ ಪೂಜೆ ಮಾಡಿದ್ನಾ?"

"ಎಲ್ಲೀ ಹಬ್ಬ ತಾಯಿ? ನಮ್ ಮೈದುನ ಸತ್ತು ವಾರ ಆಗಿಲ್ಲ. ಮನೇಲಿ ದೀಪಾನೇ ಹಚ್ಚಿಲ್ಲ. ಸೂತಕದೋರು ಹೂವು ಮುಟ್ತಾರಾ?"

ತನುಜಾಳ ಮುಖ ಸಣ್ಣಗಾಯಿತು.

\*

ಪಂಚಾಕ್ಷರಪ್ಪನವರ ಹಿತ್ತಲು. ತೆಂಗಿನ ಪಾತಿಯಲ್ಲಿ ಕರಿ ಹೆಂಟೆಗಳು. ಗರಿಗಳ ರಾಶಿಯ ಕೆಳಗೆ ಗೋಣಿಚೀಲ. ಅದರೊಳಗೆ ಕೊಳವೆ, ಥಳಥಳ!

"ಹೊನ್ನೇಶನಿಗೆ ಸೂತಕ, ಪೂಜೆ ಮಾಡೋ ಹಾಗಿಲ್ಲ. ಉಳಿದದ್ದು ನಿಮ್ಮ ಕೀಲಿ. ಯಾಕೆ ಮೇಷ್ಟ್ರೇ?"

"ಹಬ್ಬಕ್ಕೆ ಅಂತ ಹುಣಸೆಹಣ್ಣು ಹಾಕಿ ಉಜ್ಜಿದೆ ಕಣಮ್ಮ. ಒಳಗಿದ್ದ ಕರಿಮಣ್ಣನ್ನೂ ಕೆದಕಿ ಪಾತಿಗೆ ಸುರಿದೆ. ಪೂಜೆ ಆದ್ಮೇಲೆ ವಿಜ್ಞಾನಿಗಳ ಫೋನ್ ಬಂತು. ಒಳಗಿರೋದು ಮಣ್ಣಲ್ಲ, ಮದ್ದು, ಮುಟ್ಬೇಡಿ ಅಂದ್ರು. ಪೆಟ್ಲುಪ್ಪು, ಗಂಧಕ, ಇದ್ದಿಲು ಆಗಿನೋರು ಎಷ್ಟೆಷ್ಟು ಬೆರೆಸ್ತಿದ್ರು ಅಂತ ಅದ್ರಿಂದ್ಲೇ ಗೊತ್ತಾಗೋದಂತೆ. ಜೀವಮಾನವೆಲ್ಲ ಚರಿತ್ರೆ ಪಾಠ ಮಾಡ್ದೋನು ನಾನು. ಯಾವ ಮುಖ ಇಟ್ಕೊಂಡು ಹೇಳ್ಲಿ? ಬಚ್ಚಿಟ್ಬಿಟ್ಟೆ."

"ಹೊನ್ನೇಶನ್ನ ಎಳ್ಕೊಂಡ್ ಹೋದಾಗ?"

"ಸುಮ್ನಿದ್ದೆ." ಅವರ ಕಣ್ಣು ನೆಲ ಬಿಟ್ಟು ಮೇಲೇಳಲಿಲ್ಲ. "ಮದ್ದು ಕೆರೆದದ್ದು ತಿಳೀದೆ ಮಾಡಿದ್ದು. ಇದು ತಿಳಿದೇ ಮಾಡಿದ್ದು. ನಾಚಿಕೆ ಆಗುತ್ತೆ ಕಣಮ್ಮ."

\*

ಠಾಣೆಯಲ್ಲಿ ಮೇಷ್ಟ್ರು ಕೈಮುಗಿದು ನಿಂತರು. ತನುಜಾ ಹೊನ್ನೇಶನಿಗೆ ಕೀಲಿ ಹಿಂದಿರುಗಿಸಿದಳು.

ಹೊನ್ನೇಶ ಆ ಕೀಲಿಯನ್ನು ಮೇಷ್ಟ್ರ ಮುಗಿದ ಕೈಗಳ ನಡುವೆ ತುರುಕಿದ.

"ಒಂದೇ ಕೀಲಿ ಇರ್ಲಿ ಮೇಷ್ಟ್ರೇ. ಇನ್ನೊಂದ್ಸಲ ಏನಾದ್ರೂ ಕಳೆದ್ರೆ, ಮೇಡಂಗೆ ಹುಡ್ಕೋದು ಸುಲಭ ಆಗುತ್ತೆ."

ತಾಯಿಯ ಕೈ ಹಿಡಿದು ಮೆಟ್ಟಿಲಿಳಿದು ಹೋದ.