ಮರಕುಟಿಗದ ಪ್ರಶ್ನೆ

"ಮರಕುಟಿಗ ದಿನವಿಡೀ ಮರ ಕುಟ್ಟುತ್ತಲ್ಲ, ಅದಕ್ಕೆ ತಲೆನೋವು ಯಾಕೆ ಬರಲ್ಲ?"

ಅವಳು ತಲೆಯೆತ್ತಿದಳು. ವಿಶ್ವವಿದ್ಯಾಲಯದ ಲೈಬ್ರರಿಯ ರೆಫರೆನ್ಸ್ ಡೆಸ್ಕಿನಲ್ಲಿ ಇಂಟರ್ನ್ ಆಗಿ ಅವಳ ಮೊದಲ ದಿನ. ಬೆಳಗಿನಿಂದ ಬಂದವರೆಲ್ಲ ಕೇಳಿದ್ದು ಟಾಯ್ಲೆಟ್ ಎಲ್ಲಿದೆ ಅಂತ. ಈ ಹುಡುಗ ಮಾತ್ರ ಅವಳ ಕಣ್ಣು ನೋಡಿ ಕೇಳುತ್ತಿದ್ದ. ಬೆರಳ ತುದಿಯಲ್ಲಿ ಒಣಗಿದ ಗೋಂದು.

ಅವಳ ಎದೆ ಸುಮ್ಮಸುಮ್ಮನೆ ಡವಡವಗುಟ್ಟಿತು.

"ಗೊತ್ತಿಲ್ಲ... ಹುಡುಕೋಣ ಬನ್ನಿ."

ಹುಡುಕಿದರು. ಮರುದಿನ ಅವನು ಇನ್ನೊಂದು ಪ್ರಶ್ನೆ ತಂದ. ಬೆಕ್ಕು ಯಾಕೆ ಗುರುಗುಟ್ಟುತ್ತೆ? ಅದರ ಮರುದಿನ, ಸಮುದ್ರಕ್ಕೆ ಉಪ್ಪು ಎಲ್ಲಿಂದ ಬಂತು?

ಡೆಸ್ಕಿನ ಹಿರಿಯ ಮೇಡಂ ಅವಳಿಗೊಂದು ಪಾಠ ಹೇಳಿಕೊಟ್ಟಿದ್ದರು. "ಜನ ಮೊದಲು ಕೇಳೋದೇ ಬೇರೆ, ಅವರಿಗೆ ಬೇಕಾಗಿರೋದೇ ಬೇರೆ. ನಿಮಗೆ ನಿಜವಾಗಿ ಏನು ಬೇಕು ಅಂತ ಮೆಲ್ಲಗೆ ಕೇಳು." ಅವನನ್ನು ಹಾಗೆ ಕೇಳಲು ಅವಳಿಗೆ ಧೈರ್ಯವಾಗಲಿಲ್ಲ. ಉತ್ತರ ಸಿಕ್ಕರೆ ಬರುವುದು ನಿಲ್ಲಿಸಿಬಿಟ್ಟರೆ?

ಊರು ಹೊಸದು, ಬಾಡಿಗೆ ಕೋಣೆ ಹೊಸದು. ಗೋಡೆ ನೋಡಿಕೊಂಡು ಉಣ್ಣುವಾಗ ಅಮ್ಮನ ಫೋನ್.

"ಒಬ್ಬಳೇ ಊಟ ಮಾಡ್ತಿದ್ದೀಯೇನೇ?"

"ಇಲ್ಲಮ್ಮ, ಫ್ರೆಂಡ್ಸ್ ಇದ್ದಾರೆ."

ಇಡೀ ದಿನದಲ್ಲಿ ಅವಳೊಡನೆ ಮನಸ್ಸಿಟ್ಟು ಮಾತಾಡುತ್ತಿದ್ದವನು ಅವನೊಬ್ಬನೇ.

ಒಂದು ಮಧ್ಯಾಹ್ನ ಮೇಡಂ ನಕ್ಕರು. "ಪಾಸಾದೆ ಕಣೆ. ಹೊಸಬರ ಹತ್ರ ನಮ್ಮವರನ್ನೇ ಓದುಗರ ಥರ ಕಳಿಸಿ ನೋಡ್ತೀವಿ. ಆ ಮರಕುಟಿಗದ ಹುಡುಗ ಕೆಳಗಡೆ ಬೈಂಡಿಂಗ್ ಕೋಣೆಯವನು. ನಾನೇ ಕಳಿಸಿದ್ದು."

ಅವಳ ಮುಖ ಇಂಗು ತಿಂದ ಮಂಗನಂತಾಯಿತು. ಹಾಗಾದರೆ ಆ ನಗು, ಆ ಕಣ್ಣು... ಎಲ್ಲ ನಾಟಕವೇ? ನನಗಾಗಿ ಯಾರೂ ಬಂದಿರಲೇ ಇಲ್ಲವೇ?

ಮರುದಿನ ಅವನು ಬಂದಾಗ ಅವಳು ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ.

"ನಾನು ಪಾಸಾಗಿದ್ದೀನಂತೆ. ಇನ್ನು ನೀವು ಕಷ್ಟಪಟ್ಟು ಮೆಟ್ಟಿಲು ಹತ್ತೋದು ಬೇಡ."

ಅವನು ಬೆರಳಿನ ಗೋಂದು ಕೆರೆದುಕೊಂಡ. ತಿರುಗಿ ಹೋದವನು ಮತ್ತೆ ಬರಲಿಲ್ಲ.

ಲೈಬ್ರರಿಯ ಮೌನ ಮೊದಲೂ ಇತ್ತು. ಈಗ ಅದು ಅವಳನ್ನು ತಿನ್ನತೊಡಗಿತು. ಯಾರು ಬಾಗಿಲು ತಳ್ಳಿದರೂ ಅವರ ಬೆರಳಲ್ಲಿ ಗೋಂದಿದೆಯೇ ಎಂದು ಅವಳು ನೋಡುತ್ತಿದ್ದಳು.

ಕೊನೆಗೆ ತಡೆಯಲಾರದೆ ಕೇಳಿದಳು. "ಮೇಡಂ, ಹೊಸಬರು ಬಂದಾಗೆಲ್ಲ ಆ ಬೈಂಡಿಂಗ್ ಕೋಣೆಯವರನ್ನ ಹೀಗೆ ದಿನಾ ಕಳಿಸ್ತೀರಾ?"

"ದಿನಾನಾ? ನಾನು ಕಳಿಸಿದ್ದು ಮೊದಲನೇ ದಿನ ಮಾತ್ರ ಕಣೆ."

ಊಟದ ಡಬ್ಬಿ ಹಿಡಿದೇ ಅವಳು ಕೆಳಗಿಳಿದಳು. ಬೈಂಡಿಂಗ್ ಕೋಣೆಯಲ್ಲಿ ಅವನು ಹರಿದ ನಿಘಂಟಿನ ಬೆನ್ನಿಗೆ ಬಟ್ಟೆ ಅಂಟಿಸುತ್ತಿದ್ದ.

"ಆಮೇಲೆ ನೀವಾಗೇ ಬರ್ತಿದ್ರಿ ಅಂತ ಅವತ್ತೇ ಯಾಕೆ ಹೇಳ್ಲಿಲ್ಲ?"

"ಮೊದಲ ದಿನ ಸುಳ್ಳು ಹೇಳ್ಕೊಂಡು ಬಂದಿದ್ದೆ. ಉಳಿದಿದ್ದೆಲ್ಲ ನಿಜ ಅಂದ್ರೆ ನಂಬ್ತಿದ್ರಾ?"

ಮೇಡಂ ಹೇಳಿಕೊಟ್ಟಂತೆ ಅವಳು ಮೆಲ್ಲಗೆ ಕೇಳಿದಳು.

"ನಿಮಗೆ ನಿಜವಾಗಿ ಏನು ಬೇಕು?"

ಅವನು ಬ್ರಷ್ ಕೆಳಗಿಟ್ಟ. "ಬೆಕ್ಕಿನ ವಿಷಯ, ಸಮುದ್ರದ ವಿಷಯ ಯಾವುದೂ ಬೇಕಿರ್ಲಿಲ್ಲ. ನೀವು 'ಹುಡುಕೋಣ ಬನ್ನಿ' ಅಂತೀರಲ್ಲ... ಅದನ್ನ ಕೇಳೋಕೆ ಬರ್ತಿದ್ದೆ. ನೀವಂದ್ರೆ ನಂಗಿಷ್ಟ."

ಅವಳು ಸ್ಟೂಲ್ ಎಳೆದು, ಡಬ್ಬಿ ತೆರೆದು ಅವನತ್ತ ಸರಿಸಿದಳು. ಅಷ್ಟರಲ್ಲಿ ಫೋನ್ ಬಂತು.

"ಒಬ್ಬಳೇನಾ?" ಅಮ್ಮನ ಅದೇ ಪ್ರಶ್ನೆ.

"ಇಲ್ಲಮ್ಮ."

"ಮತ್ತೆ ಯಾರಿದ್ದಾರೆ?"

ಅವಳ ಕಣ್ಣು ತುಂಬಿತು. ಫೋನಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದಳು. "ಯಾರಿದ್ದಾರೆ ಅಂತ ಕೇಳ್ತಿದ್ದಾರೆ. ಏನು ಹೇಳ್ಲಿ?"

"ನಾನಿದ್ದೀನಿ ಅಂತ ಹೇಳಿ."