ಹಸಿರು ಕೆಂಪಾದದ್ದು

ಹಳ್ಳಿಯೊಂದರ ಮಗು ತೀರಿಕೊಂಡ ಸುದ್ದಿ ಕೆನ್ಯಾದ ಬುಂಗೋಮಾ ಪಟ್ಟಣದ ಆಫೀಸಿಗೆ ಬಂದಾಗ ಖಾಯೆಂಬಾ ಮೊದಲು ಮಾಡಿದ ಕೆಲಸ ಕೋಣೆಯ ಚಿಲಕ ಹಾಕಿಕೊಂಡದ್ದು. ಅಳು ಬರಲಿಲ್ಲ, ಹೆದರಿಕೆ ಬಂತು. ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಒಯ್ಯುವ ಆ್ಯಪ್ ಅವನು ಬರೆದದ್ದು. ಮಗುವಿನ ಉಸಿರು ಎಣಿಸಿ ಒತ್ತಿದರೆ ಹಸಿರೋ ಕೆಂಪೋ ಬರುತ್ತದೆ. ಹಸಿರಾದರೆ ಮನೆ, ಕೆಂಪಾದರೆ ಆಸ್ಪತ್ರೆ. ಎಳೆಗೂಸಿನ ಉಸಿರು ಸಹಜವಾಗಿಯೇ ವೇಗ; ವರ್ಷ ದಾಟಿದ ಮಕ್ಕಳಿಗೂ ಅವನು ಅದೇ ಲೆಕ್ಕ ಹಾಕಿಬಿಟ್ಟಿದ್ದ. ನ್ಯುಮೋನಿಯಾದಿಂದ ಏದುಸಿರು ಬಿಡುತ್ತಿದ್ದ ಮಗುವಿಗೆ ಆ್ಯಪ್ ಹಸಿರು ತೋರಿಸಿತ್ತು.

ಒಪ್ಪಿಕೊಂಡರೆ ಜೈಲು. ಒಪ್ಪಿಕೊಳ್ಳದಿದ್ದರೆ? ಹೆದರಿದ ತಲೆ ಇಷ್ಟು ಚುರುಕಾಗಿ ಓಡೀತೆಂದು ಅವನಿಗೇ ಗೊತ್ತಿರಲಿಲ್ಲ. ತಪ್ಪನ್ನು ತಿದ್ದಿದ, ತಿದ್ದಿದ ದಿನವನ್ನು ಹಿಂದಕ್ಕೆ ಹಾಕಿದ. ಸರ್ವರಿನಲ್ಲಿದ್ದ ಆ ಮನೆಭೇಟಿಯ ದಾಖಲೆಯ ಹಸಿರನ್ನು ಕೆಂಪು ಮಾಡಿದ. ಆ್ಯಪ್ ಹೇಳಿದ್ದು ಸರಿಯೇ, ಕೇಳದವಳು ಆ ಮನೆಗೆ ಹೋಗಿದ್ದ ಕಾರ್ಯಕರ್ತೆ ನಾಸಿಮಿಯು ಎಂದಾಯಿತು. ಉಳಿದದ್ದು ಅವಳ ಕೈಯಲ್ಲಿದ್ದ ಫೋನು. ಅವಳನ್ನು ಆಫೀಸಿಗೆ ಕರೆಸಿಕೊಂಡ.

"ಅಮ್ಮಾ, ಫೋನ್ ಸ್ವಲ್ಪ ರಿಪೇರಿ ಮಾಡ್ಬೇಕು, ಕೊಡಿ."

"ತಗೋ ಮಗಾ. ಒಂದು ಮಾತು ಹೇಳು, ನಾನೇನಾದ್ರೂ ತಪ್ಪು ಒತ್ಬಿಟ್ನಾ? ಅನ್ನ ಸೇರ್ತಿಲ್ಲ ನಂಗೆ."

"ಛೆ ಛೆ, ನಿಮ್ದೇನೂ ತಪ್ಪಿಲ್ಲ. ಆರಾಮಾಗಿರಿ."

ಹಾಗೆನ್ನುತ್ತಲೇ ಅವಳ ಫೋನಿನಲ್ಲೂ ಹಸಿರನ್ನು ಕೆಂಪು ಮಾಡಿ ಕೊಟ್ಟು ಕಳಿಸಿದ. ಪಾಪ ಎನ್ನಿಸಿತು, ನಿಜ. ಆದರೆ ಹೆದರಿಕೆ ಆ ಮರುಕವನ್ನು ನಿಲ್ಲಲು ಬಿಡಲಿಲ್ಲ. ಪೊಲೀಸ್ ಟೋಪಿ ಕಂಡರೆ ದಾರಿ ಬದಲಿಸುತ್ತಿದ್ದ. ಎಲ್ಲಾದರೂ ತೂತು ಉಳಿಯಿತೇ ಎಂದು ಮತ್ತೆ ಮತ್ತೆ ತಡಕಿದ. ಇಲ್ಲ. ಅಂದು ಫೋನಿನ ತೆರೆ ನೋಡಿದವಳು ನಾಸಿಮಿಯು ಒಬ್ಬಳೇ, ಅವಳ ಮಾತು ಯಾರು ನಂಬುತ್ತಾರೆ!

ಹಳ್ಳಿಯ ಚೀಫ್ ಸಭೆ ಕರೆದ. ತಪ್ಪಿಸಿಕೊಂಡರೆ ಅನುಮಾನ ಬಂದೀತೆಂದು ಖಾಯೆಂಬಾ ಬಾಡಿಗೆಯ ಬೋಡಾ ಬೈಕ್ ಹತ್ತಿ ಹೋದ. ಮಾವಿನ ಮರದಡಿ ಜನ ಕುದಿಯುತ್ತಿದ್ದರು. ನಾಸಿಮಿಯು ಮುಂದೆ ಹುಲ್ಲಿನ ಮೇಲೆ ತಲೆ ತಗ್ಗಿಸಿ ಕೂತಿದ್ದಳು.

"ದೇವರಾಣೆಗೂ ಹಸಿರೇ ಬಂದಿದ್ದು!"

"ಮಗು ಸಾಯಿಸಿ ದೇವರಾಣೆ ಬೇರೆ ಇಡ್ತೀಯಾ? ಪೊಲೀಸ್ರಿಗೆ ಕೊಡಿ ಇವಳ್ನ!" ಎಂದು ಯಾರೋ ಕೂಗಿದರು.

"ಸುಮ್ನಿರ್ರೋ! ಇಂಜಿನಿಯರ್ ಸಾಹೇಬ್ರು ಬಂದಿದಾರೆ, ಅವ್ರೇ ಹೇಳ್ಲಿ," ಎಂದ ಚೀಫ್.

ಖಾಯೆಂಬಾ ಎದ್ದು ನಿಂತ. ದನಿ ಹೇಗೋ ಸರಿಯಾಗಿ ಹೊರಟಿತು. ನಾಸಿಮಿಯುಳ ಫೋನ್ ಇಸಿದುಕೊಂಡು ಎತ್ತಿಹಿಡಿದು, ಎಲ್ಲರಿಗೂ ತಿಳಿಯಲೆಂದು ಅವರ ಬುಕುಸು ಮಾತಿನಲ್ಲಿ ಬಿಡಿಸಿ ಬಿಡಿಸಿ ಓದಿದ: "ಮಗುವನ್ನು ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ." ಜನ ನಾಸಿಮಿಯುಳತ್ತ ತಿರುಗಿದರು. ಅವನಿಗೆ ಮೊದಲ ಸಲ ಉಸಿರು ಹಗುರಾಯಿತು.

ಆಗ ಸತ್ತ ಮಗುವಿನ ಅಜ್ಜಿ ಎದ್ದಳು. "ಇದೇ ದನಿ! ನಮಗೆ ಧೈರ್ಯ ಬರ್ಲಿ ಅಂತ ನಾಸಿಮಿಯು ಫೋನಿನ ಮಾತನ್ನ ಮತ್ತೆ ಮತ್ತೆ ಕೇಳಿಸಿದ್ಳು, ಮನೆಯವರೆಲ್ಲ ಕೇಳಿದ್ವಿ. 'ಮಗು ಹುಷಾರಾಗಿದೆ, ಮನೆಯಲ್ಲೇ ಇರಲಿ' ಅಂದೋನು ಇವ್ನೇ!" ಓದಲು ಬಾರದವರಿಗೆಂದು ಆ್ಯಪ್ ಬಾಯಿಬಿಟ್ಟೂ ಹೇಳುತ್ತಿತ್ತು. ದನಿ ಕೊಡಬೇಕಿದ್ದವಳು ಬಾರದ ದಿನ, ಸದ್ಯಕ್ಕಿರಲಿ ಎಂದು ಖಾಯೆಂಬಾ ತನ್ನದನ್ನೇ ಸೇರಿಸಿದ್ದ, ಆಮೇಲೆ ಬದಲಿಸುವುದು ಮರೆತೇಹೋಗಿತ್ತು. "ಏನಾದ್ರೂ ಹೇಳಿ ಸಾಹೇಬ್ರೇ," ಎಂದ ಚೀಫ್. ಇಡೀ ಸಭೆ ಕಿವಿಗೊಟ್ಟು ಕಾಯುತ್ತಿತ್ತು. ಖಾಯೆಂಬಾನಿಗೆ ಬಾಯಿ ತೆರೆಯಲು ಹೆದರಿಕೆಯಾಯಿತು.