ಬೆಳಕು ಸರಿದ ಮ್ಯಾಟಿನಿ

ಒದ್ದೆ ಲಂಗದ ಒಂದು ತುದಿ ಅಡೆಲಾಳ ಕೈಯಲ್ಲಿತ್ತು, ಇನ್ನೊಂದು ಸೈಲಸ್‌ನ ಕೈಯಲ್ಲಿ. ಅವಳು ಎಡಕ್ಕೆ ತಿರುಚಿದಳು, ಅವನು ಬಲಕ್ಕೆ. ಬೆಂಕಿ ತಾಗದಿರಲೆಂದು ಅದ್ದಿದ್ದ ಪಟಿಕದ ನೀರು ಬಕೆಟ್ಟಿಗೆ ಸುರಿಯಿತು. ಇಬ್ಬರೂ ತುಟಿ ಬಿಚ್ಚಲಿಲ್ಲ. ತೆರೆಯ ಹಿಂದೆ ಗಂಡು ಹೆಣ್ಣು ಮಾತಾಡಿದರೆ ಇಬ್ಬರ ಕೆಲಸವೂ ಹೋಗುತ್ತಿತ್ತು. ಅದು ಗ್ಯಾರಡ್ ಸಾಹೇಬರ ನಾಟಕ ಕಂಪನಿಯ ಕಟ್ಟಳೆ.

ಹಿಂಡುತ್ತಾ ಹಿಂಡುತ್ತಾ ಬಟ್ಟೆ ಗಿಡ್ಡವಾಯಿತು. ಇಬ್ಬರೂ ಒಂದೊಂದೇ ಹೆಜ್ಜೆ ಹತ್ತಿರ ಬಂದರು. ಅವನ ರೆಪ್ಪೆಯ ಮೇಲೆ ಬಿಳಿ ಪುಡಿ ಕೂತಿತ್ತು. ಮೇಲಿನ ಅಟ್ಟದಲ್ಲಿ ಸುಣ್ಣದ ಉಂಡೆ ಕಾಯಿಸಿ, ಅದರ ಬೆಳಕನ್ನು ರಂಗದಲ್ಲಿ ಹಾಡುವ ಅವಳ ಮೇಲೆ ಬಿಡುತ್ತಿದ್ದವನು ಅವನೇ. ಆ ಪುಡಿ ಒರೆಸಬೇಕೆಂದು ಅವಳ ಬೆರಳಿಗೆ ಆಸೆ. ಅವನು ಕಣ್ಣಲ್ಲೇ ನಕ್ಕ. ಅವಳು ನೆಲ ನೋಡಿದಳು.

ಅಷ್ಟರಲ್ಲಿ ಉಡುಪಿನ ಕೋಣೆಯ ಮಿಸೆಸ್ ಹೋಬ್ಸ್ ಬಂದಳು.

"ಹಿಂಡಿದ್ದು ಸಾಕು ಮಗಳೇ. ಸಾಹೇಬ್ರು ಹೊಸ ಲಂಗ ಕಳ್ಸಿದಾರೆ. ಪಟಿಕದಲ್ಲಿ ಅದ್ದಿದ್ರೆ ಬಟ್ಟೆ ಮಂಕಾಗತ್ತಂತೆ, ಮುಂದಿನ ಸಾಲಿನ ದೊಡ್ಡೋರಿಗೆ ಹಿಡ್ಸಲ್ವಂತೆ."

"ಅದ್ದದೇ ಇದ್ರೆ ಬೆಂಕಿ ತಾಗತ್ತೆ. ನಾನು ಉಡಲ್ಲ ಅಂದ್ರೆ?"

"ಮೇಳದ ಫ್ಲೋರಾ ಉಡ್ತಾಳೆ. ನಿನ್ನ ಪಾರ್ಟೂ ಅವಳೇ ಹಾಡ್ತಾಳೆ."

ಅಡೆಲಾ ಪ್ರೌಸ್ ಹೊಸ ಲಂಗ ಕೈಗೆ ತೆಗೆದುಕೊಂಡಳು. ಡೆಟ್‌ಫರ್ಡಿನಲ್ಲಿ ಹಗ್ಗ ಹೊಸೆಯುವವನ ಮಗಳು ಅವಳು. ಚಿಕ್ಕ ವಯಸ್ಸಿಗೇ ಮೇಳದವರ ಜೊತೆ ನಿಂತು, ಊರೂರು ತಿರುಗಿ, ದಾಸಿಯಾಗಿ, ಹಲ್ಲಿಲ್ಲದ ಮುದುಕಿಯಾಗಿ ಹಾಡಿ, ಈಗ ತಾನೇ ಲಂಡನ್ನಿನಲ್ಲಿ ನಾಯಕಿಯಾಗಿದ್ದಳು. ಅವಳ ಹುಬ್ಬು ಕುಣಿದರೆ ಸಾಕು, ಗ್ಯಾಲರಿ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಆದರೆ ರಂಗದ ಅಂಚಿನ ಗ್ಯಾಸ್ ದೀಪಗಳನ್ನು ಕಂಡರೆ ಅವಳಿಗೆ ಹೆದರಿಕೆ. ಹೋದ ಚಳಿಗಾಲ ಲೀಡ್ಸಿನಲ್ಲಿ ಗೆಳತಿ ರೊಸೀನಾಳ ಲಂಗ ಅಂಥದೇ ದೀಪಕ್ಕೆ ತಾಗಿತ್ತು. ಅವಳ ಒದ್ದಾಟವನ್ನು ಕುಣಿತವೆಂದು ತಿಳಿದು ವಾದ್ಯದವರು ಬಾರಿಸುತ್ತಲೇ ಇದ್ದರು.

ಹೋಬ್ಸ್ ಆಚೆ ಹೋದದ್ದೇ ಸೈಲಸ್ ಪಿಸುಗುಟ್ಟಿದ.

"ಮಿಸ್ ಪ್ರೌಸ್, ದೀಪದ ಹತ್ರ ಮಾತ್ರ ಬರ್ಬೇಡಿ."

"ಒನ್ಸ್ ಮೋರ್ ಅಂದ್ರೆ ಮುಂದೆ ಬಂದೇ ಹಾಡ್ಬೇಕಲ್ರೀ, ಅದೇ ಪದ್ಧತಿ."

"ಚಪ್ಪಾಳೆ ಅಂದ್ರೆ ಅಷ್ಟು ಆಸೆನಾ?"

"ದಿನಾ ಮೇಲೆ ಕೂತು ನನ್ನ ನೆತ್ತಿ ನೋಡೋರಿಗೆ ಏನ್ ಗೊತ್ತು?"

"ನೆತ್ತಿ ಒಂದೇ ಅಲ್ಲ. ಹೆದರಿದಾಗ ಹೆಬ್ಬೆರಳು ಮುಷ್ಟಿಯೊಳಗೆ ಬಚ್ಚಿಟ್ಕೋತೀರಿ. ಅದೂ ಗೊತ್ತು."

ಅವಳ ಕಿವಿ ಬಿಸಿಯಾಯಿತು. ಹೆಬ್ಬೆರಳು ಆಗಲೂ ಮುಷ್ಟಿಯೊಳಗೇ ಇತ್ತು.

ಮಧ್ಯಾಹ್ನದ ಆಟ ತುಂಬಿತ್ತು. ಹಾಲು ಮಾರುವವಳ ಹಾಡಿಗೆ ಜನ ಕೂಗಿದರು, "ಒನ್ಸ್ ಮೋರ್!" ಆ ಹೊಸ ಲಂಗದಲ್ಲೇ ಅವಳು ಮುಂದೆ ಬಂದಳು. ಮತ್ತೆ ಕೂಗಿದರು. ಮತ್ತೂ ಮುಂದೆ ಬಂದಳು. ಮೊಣಕಾಲಿಗೆ ಶಾಖ ತಾಗುತ್ತಿತ್ತು. ಮುಖದಲ್ಲಿ ನಗು, ಬೆನ್ನಲ್ಲಿ ಬೆವರು.

ಯಾರೋ ಬಾಗಿಲು ತೆರೆದರು. ಗಾಳಿ ಬಂತು.

ಥಟ್ಟನೆ ಅವಳು ಕತ್ತಲಲ್ಲಿದ್ದಳು. ಸೈಲಸ್‌ನ ಬೆಳಕು ಹಿಂದಕ್ಕೆ ಹಾರಿ ಪರದೆಯ ಮೇಲೆ ಬರೆದ ಹಸುವಿನ ಮುಖಕ್ಕೆ ಬಿದ್ದಿತ್ತು. ಬೆಳಕಿದ್ದಲ್ಲಿ ನಿಲ್ಲುವುದು ನಟಿಯ ಕಾಲಿಗೇ ಅಂಟಿದ ಅಭ್ಯಾಸ. ಅವಳು ಹಿಂದಕ್ಕೆ ಓಡಿದಳು. ಹಾಡು ತುಂಡಾಯಿತು. ಜನ ನಕ್ಕರು, ಹಸುವನ್ನು ನೋಡಿ, ಆಮೇಲೆ ಅವಳನ್ನು ನೋಡಿ. ತೆರೆ ಬಿತ್ತು.

"ನನ್ನ ಮಾನ ಕಳೆದ!" ಅವಳು ಕೂಗಿದಳು. "ನನ್ನ ಬಿಟ್ಟು ಹಸುಗೆ ಬೆಳಕು ಹಿಡ್ದ!"

ಹೋಬ್ಸ್ ಮಂಡಿಯೂರಿ ಲಂಗದ ಅಂಚು ಹಿಡಿದಳು. ದೀಪದ ಶಾಖಕ್ಕೆ ಅಂಗೈಯಗಲ ಕಂದಿತ್ತು. ಮುಟ್ಟಿದರೆ ಪುಡಿಯಾಗುತ್ತಿತ್ತು.

"ಇನ್ನೊಂದು ಚೂರು ಅಲ್ಲೇ ನಿಂತಿದ್ರೆ..." ಮುದುಕಿ ಬೆರಳಿಗಂಟಿದ ಕರಿ ಪುಡಿ ತೋರಿಸಿದಳು.

ಮೇಲಿಂದ ಸಾಹೇಬರ ದನಿ ಕೇಳಿತು. "ದೀಪ ಹಿಡಿಯೋಕೆ ಬಂದೋನು ನಾಟಕ ನಡೆಸ್ತೀಯೇನೋ? ಇಳಿ ಕೆಳಗೆ! ಕೋಟು ತಗೊಂಡು ಹೊರಡು!"

ಸೈಲಸ್ ಏಣಿ ಇಳಿದು ಬಂದ. ಎಲ್ಲರೂ ನೋಡುತ್ತಿದ್ದರು. ಅಡೆಲಾ ಅಡ್ಡ ನಿಂತಳು.

"ಮಾತಾಡ್ಬೇಡಿ," ಎಂದ ಅವನು. "ನಿಮ್ಮ ಕೆಲಸಾನೂ ಹೋಗತ್ತೆ."

"ಹೋಗ್ಲಿ. ನೀವಂದ್ರೆ ನಂಗಿಷ್ಟ, ಸೈಲಸ್."

ಅವನ ಕೈ ಬಾಗಿಲ ಚಿಲಕದ ಮೇಲೆ ನಿಂತಿತು. "ಗೊತ್ತು. ಮೇಲಿಂದ ಎಲ್ಲಾ ಕಾಣತ್ತೆ. ನಂಗೂ ಅಷ್ಟೇ." ಬಾಗಿಲು ಅವನ ಹಿಂದೆ ಮುಚ್ಚಿಕೊಂಡಿತು.

ಎರಡನೇ ಅಂಕಕ್ಕೆ ತೆರೆ ಎದ್ದಿತು. ಬೇರೆ ಯಾರದೋ ಕೈಯ ಬೆಳಕು ಅವಳ ಭುಜ ತಪ್ಪಿಸಿ, ತಡವರಿಸಿ, ಮುಖಕ್ಕೆ ಬಂತು. ಪಕ್ಕದ ಪರದೆಯ ಮರೆಯಲ್ಲಿ ಫ್ಲೋರಾ ಅದೇ ಉಡುಪು ತೊಟ್ಟು ಸಿದ್ಧಳಾಗಿ ನಿಂತಿದ್ದಳು. ವಾದ್ಯದ ಮೇಷ್ಟ್ರು ಕೋಲೆತ್ತಿದರು. ಅಡೆಲಾ ಹಾಡಲಿಲ್ಲ. ಅವಳು ಸಾಹೇಬರು ಕೂತಿದ್ದ ಮೇಲಿನ ಬಾಕ್ಸ್ ಆಸನದ ಕಡೆಗೆ ಮುಖ ಎತ್ತಿದಳು.

"ಗ್ಯಾರಡ್ ಸಾಹೇಬ್ರೇ, ಸೈಲಸ್‌ನ ವಾಪಸ್ ಕರೆಸಿ."

ಗ್ಯಾಲರಿಯಲ್ಲಿ ಯಾರೋ ನಕ್ಕರು. ಅವಳ ಮುಖ ನೋಡಿ ನಿಲ್ಲಿಸಿದರು. ಮೇಷ್ಟ್ರ ಕೋಲು ಗಾಳಿಯಲ್ಲೇ ಉಳಿಯಿತು.

"ಕರೆಸಿ, ಸಾಹೇಬ್ರೇ."